ಅಮೆರಿಕದ ಮೊಟ್ಟೆ, ನಮ್ಮ ತಟ್ಟೆ



ಹಾಸ್ಟೆಲ್ಲಿನಲ್ಲಿ ರಾತ್ರಿ ಊಟ ಆದ ಮೇಲೆ ಅಮೆರಿಕದ ಮಾತು ಬರದ ದಿನವಿಲ್ಲ. ಟ್ರಂಪ್ ಏನಂದ, ಹೊಸ ಫೋನು ಎಷ್ಟಕ್ಕೆ ಬಂತು, ಡಾಲರ್ ಎಷ್ಟಾಯಿತು, ವೀಸಾ ಸಿಗುತ್ತೋ ಇಲ್ಲವೋ. ಕೆಲವರು ನಮ್ಮನ್ನೇ ಕೇಳುತ್ತಾರೆ: "ಕೇರಿಗೆ ನೀರಿಲ್ಲ, ಸ್ಮಶಾನಕ್ಕೆ ಜಾಗವಿಲ್ಲ, ನಿಮಗ್ಯಾಕ್ರಪ್ಪಾ ಅಮೆರಿಕದ ಉಸಾಬರಿ?" ಕೇಳಬೇಕಾದ ಮಾತೇ. ಆದರೆ ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಅವರು ಕಲಿತದ್ದು ಅರ್ಥಶಾಸ್ತ್ರ. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ತಮ್ಮನ್ನು ದಲಿತ ಪ್ಯಾಂಥರ್ಸ್ ಅಂತ ಕರೆದುಕೊಂಡದ್ದು ಅಲ್ಲಿನ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ನೋಡಿ. ಅಂಥಾ ದೇಶವನ್ನು ನಾವು ಫೋನಿನ ಗಾಜಿನಿಂದ ಮಾತ್ರ ನೋಡಿದರೆ ಸಾಲದು. ಅಲ್ಲಿನ ದುಡಿಯುವವರ ಅಡುಗೆಮನೆಯಿಂದ ನೋಡಬೇಕು.

2022ರ ಜೂನ್‌ನಲ್ಲಿ ಅಮೆರಿಕದ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 9.1ರಷ್ಟು ಏರಿದ್ದವು. ನಲವತ್ತು ವರ್ಷಗಳಲ್ಲಿ ಅಂಥಾ ಏರಿಕೆ ಆಗಿರಲಿಲ್ಲ. 2024ರ ಚುನಾವಣೆ ಹೊತ್ತಿಗೆ ಈ ಲೆಕ್ಕ ಶೇಕಡಾ 3ರ ಒಳಕ್ಕೆ ಬಂದಿತ್ತು. ಬೆಲೆ ಏರಿಕೆ ತಗ್ಗಿಸಿದೆವು ಅಂತ ಬೈಡನ್ ಸರ್ಕಾರ ಹೇಳಿಕೊಂಡಿತು. ಜನ ಒಪ್ಪಲಿಲ್ಲ. ಯಾಕೆ? ಬಸ್ಸಿನ ವೇಗ ಕಮ್ಮಿ ಆದರೆ ಬಸ್ಸು ಹಿಂದಕ್ಕೆ ಬರುತ್ತದೆಯೇ? ಏರುವ ವೇಗ ತಗ್ಗಿತು, ಏರಿದ ಬೆಲೆ ಇಳಿಯಲಿಲ್ಲ. ಸರ್ಕಾರದ ಕೈಯಲ್ಲಿ ಅಂಕಿಅಂಶ ಇತ್ತು, ಜನರ ಕೈಯಲ್ಲಿ ಅಂಗಡಿ ಚೀಟಿ ಇತ್ತು. ಗೆದ್ದ ಮೊದಲ ದಿನದಿಂದಲೇ ಬೆಲೆ ಇಳಿಸುತ್ತೇನೆ ಅಂದವನಿಗೆ ಆ ಚೀಟಿಯ ಸಿಟ್ಟು ವೋಟಾಗಿ ಹೋಯಿತು.

ಇಳಿಯಿತೇ? 2025ರ ಮಾರ್ಚ್‌ನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ 23 ಸೆಂಟ್ ಮುಟ್ಟಿತು. ಅದೇ ದಾಖಲೆ. ಹಕ್ಕಿಜ್ವರ ಬಂದು ಕೋಟಿಗಟ್ಟಲೆ ಕೋಳಿ ಕೊಲ್ಲಬೇಕಾಗಿತ್ತು. ಕೋಳಿ ಮತ್ತೆ ಬೆಳೆದ ಮೇಲೆ ಬೆಲೆ ಇಳಿಯಿತು. ಕೋಳಿಗೆ ಯಾವ ಪಕ್ಷವೂ ಗೊತ್ತಿಲ್ಲ. ಏರಿದಾಗ ಹಿಂದಿನವನ ತಪ್ಪು, ಇಳಿದಾಗ ತನ್ನ ಪ್ರತಾಪ ಅನ್ನುವ ಆಟ ಮಾತ್ರ ಎಲ್ಲ ದೇಶದ ಧಣಿಗಳಿಗೂ ಗೊತ್ತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. 2025ರ ಏಪ್ರಿಲ್ 2ರಂದು ಟ್ರಂಪ್ ಹೆಚ್ಚುಕಮ್ಮಿ ಎಲ್ಲ ದೇಶಗಳ ಸರಕಿನ ಮೇಲೂ ಹೊಸ ಆಮದು ಸುಂಕ ಸಾರಿದರು. ಹೊರದೇಶದವರು ಕಟ್ಟುತ್ತಾರೆ ಅಂತ ಜನರಿಗೆ ಹೇಳಿದರು. ಸುಂಕ ಕಟ್ಟುವವನು ಸರಕು ತರಿಸಿಕೊಳ್ಳುವ ಅಲ್ಲಿನ ವ್ಯಾಪಾರಿ. ಅವನು ಅದನ್ನು ಬೆಲೆಗೆ ಸೇರಿಸುತ್ತಾನೆ. ಕೊನೆಗೆ ತೆರುವವಳು ಚೀಲ ಹಿಡಿದು ಅಂಗಡಿಗೆ ಹೋದ ತಾಯಿ. ಈಗ ಇದನ್ನು ಗಮನಿಸಿ: ಏಪ್ರಿಲ್ 11ಕ್ಕೆ ಸ್ಮಾರ್ಟ್‌ಫೋನು, ಕಂಪ್ಯೂಟರುಗಳನ್ನು ಈ ಹೊಸ ಸುಂಕದಿಂದ ಬಿಟ್ಟುಬಿಟ್ಟರು. ಕಾಫಿ, ಬಾಳೆಹಣ್ಣುಗಳನ್ನು ಬಿಟ್ಟದ್ದು ನವೆಂಬರ್ 14ಕ್ಕೆ. ಎರಡನ್ನೂ ಆ ದೇಶ ಬಹುಪಾಲು ಹೊರಗಿನಿಂದಲೇ ತರಿಸಿಕೊಳ್ಳಬೇಕು. ಫೋನಿಗೆ ಒಂಬತ್ತು ದಿನ, ಬಾಳೆಹಣ್ಣಿಗೆ ಏಳು ತಿಂಗಳು! ಫೋನ್ ಕಂಪೆನಿಯವರ ದನಿ ಅರಮನೆಗೆ ನೇರ ಕೇಳುತ್ತದೆ. ಬಾಳೆಹಣ್ಣು ತಿನ್ನುವ ಮಗುವಿನ ದನಿ ಕೇಳಬೇಕಾದರೆ, ಆ ನವೆಂಬರ್ ಮೊದಲ ವಾರದಲ್ಲಿ ವರ್ಜೀನಿಯಾ, ನ್ಯೂಜೆರ್ಸಿ ಚುನಾವಣೆಗಳಲ್ಲಿ ಟ್ರಂಪ್ ಪಕ್ಷ ಸೋಲಬೇಕಾಯಿತು.

ಬೆಲೆಯ ಕಥೆ ಇದು. ಕೂಲಿಯ ಕಥೆ ಇನ್ನೂ ಕೆಟ್ಟದು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 25 ಸೆಂಟ್. 2009ರ ಜುಲೈನಲ್ಲಿ ನಿಂತದ್ದು ಅಲ್ಲೇ ನಿಂತಿದೆ. ಹಲವು ರಾಜ್ಯಗಳು ತಾವೇ ಹೆಚ್ಚು ಮಾಡಿಕೊಂಡಿವೆ; ಮಾಡಿಕೊಳ್ಳದ ರಾಜ್ಯಗಳಲ್ಲಿ ತೆಂಕಣ ರಾಜ್ಯಗಳೇ ಬಹಳ, ಹಿಂದೆ ಗುಲಾಮಗಿರಿ ಇದ್ದ ನೆಲ. ಈ ಕೂಲಿ ಕಾನೂನು ಬಂದದ್ದು 1938ರಲ್ಲಿ. ಆಗ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗಿಟ್ಟರು. ತೆಂಕಣದ ಕಪ್ಪು ಜನ ಬಹುಪಾಲು ಮಾಡುತ್ತಿದ್ದದ್ದು ಅವೇ ಎರಡು ಕೆಲಸ. ಕಾನೂನಿನಲ್ಲಿ ಬಣ್ಣದ ಹೆಸರಿರಲಿಲ್ಲ, ಕಸುಬಿನ ಹೆಸರಿತ್ತು. ಕಸುಬಿನ ಹೆಸರು ಹೇಳಿ ಮನುಷ್ಯರನ್ನು ಹೊರಗಿಡುವ ಜಾಣತನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅಲ್ಲಿ ಕಲಿಯಬೇಕಾದ್ದು ಒಂದಿದೆ. ಬಡವರಿಗೆ ಆಹಾರ ಕೊಳ್ಳಲು ಕೊಡುವ 'ಸ್ನ್ಯಾಪ್' ನೆರವನ್ನು ಪ್ರತಿ ವರ್ಷ ಅಕ್ಟೋಬರಿನಲ್ಲಿ ಆಹಾರದ ಬೆಲೆ ನೋಡಿ ಹೊಂದಿಸುತ್ತಾರೆ. ಯಾವ ಮಂತ್ರಿಯ ಕಾಲೂ ಹಿಡಿಯಬೇಕಾಗಿಲ್ಲ, ಕಾನೂನೇ ಹಾಗಿದೆ. ಹಾಗಂತ ಕಾನೂನು ನಂಬಿ ಮಲಗುವ ಹಾಗೂ ಇಲ್ಲ. 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಸರ್ಕಾರ ಬಜೆಟ್ ಜಗಳದಲ್ಲಿ ಬಾಗಿಲು ಹಾಕಿಕೊಂಡಿತು. ಸುಮಾರು 4 ಕೋಟಿ 20 ಲಕ್ಷ ಜನ ನೆಚ್ಚಿಕೊಂಡಿದ್ದ ಸ್ನ್ಯಾಪ್ ಹಣ ನವೆಂಬರಿನಲ್ಲಿ ಸಕಾಲಕ್ಕೆ ಬರಲಿಲ್ಲ. ಹಕ್ಕು ಬರೆಸಿಕೊಳ್ಳುವುದು ಒಂದು ಕೆಲಸ, ಕಾಯುವುದು ಇನ್ನೊಂದು ಕೆಲಸ.

ಇನ್ನು ನಮ್ಮ ಜೇಬಿನ ಫೋನು. ಆಪಲ್ ಕಂಪೆನಿ ತನ್ನ ಹಳೇ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದನ್ನು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಹಳತಾದಾಗ ಫೋನು ದಿಢೀರನೆ ಆಫ್ ಆಗದಿರಲಿ ಅಂತ ಮಾಡಿದೆವು ಅಂದಿತು. ಕೊಂಡವರಿಗೆ ಮೊದಲೇ ಯಾಕೆ ಹೇಳಲಿಲ್ಲ? 2020ರಲ್ಲಿ ತಪ್ಪೊಪ್ಪದೆಯೇ 50 ಕೋಟಿ ಡಾಲರ್‌ವರೆಗೆ ಕೊಟ್ಟು ಕೇಸು ಮುಗಿಸಲು ಒಪ್ಪಿತು. ಟ್ರ್ಯಾಕ್ಟರುಗಳದ್ದೂ ಇದೇ ಹಾಡು. ಕೆಟ್ಟರೆ ರೈತ ತಾನೇ ಬಿಚ್ಚಿ ಸರಿಮಾಡುವ ಹಾಗಿಲ್ಲ, ಒಳಗಿನ ಕಂಪ್ಯೂಟರಿನ ಬೀಗ ಕಂಪೆನಿ ಕೈಯಲ್ಲಿ. ಕೊಲೊರಾಡೊ ರಾಜ್ಯದ ರೈತರು ಹೋರಾಡಿ 2023ರಲ್ಲಿ ರಿಪೇರಿ ಹಕ್ಕಿನ ಕಾನೂನು ಮಾಡಿಸಿಕೊಂಡರು. ದುಡ್ಡು ಕೊಟ್ಟು ಕೊಂಡ ವಸ್ತುವನ್ನೇ ಮುಟ್ಟಬಾರದು! ಮುಟ್ಟಬಾರದು ಅನ್ನೋ ಮಾತಿನ ಹಿಂದೆ ಯಾವಾಗಲೂ ಯಾರದೋ ಲಾಭ ಇರುತ್ತದೆ ಅನ್ನುವುದು ನಮಗೆ ತಲೆತಲಾಂತರದಿಂದ ಗೊತ್ತು. ಹರಿದ ಮೆಟ್ಟು ಹೊಲಿದು ಇನ್ನೊಂದು ವರ್ಷ ನಡೆಸಿದವರು ನಮ್ಮ ಅಪ್ಪಂದಿರು. ರಿಪೇರಿ ಮಾಡುವ ಕೈಯನ್ನು ಕೀಳು ಅಂದ ಸಮಾಜವೇ ಇವತ್ತು ಹೊಸದು ಕೊಂಡವನನ್ನು ದೊಡ್ಡವನು ಅನ್ನುತ್ತಿದೆ.

ಆ ಫೋನು ದೂರದ ಅಮೆರಿಕದಲ್ಲಿ ತಯಾರಾಗುವುದೂ ಅಲ್ಲ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ಆಗ ವಿಸ್ಟ್ರಾನ್ ಕಂಪೆನಿಯದಾಗಿದ್ದ ಐಫೋನ್ ಕಾರ್ಖಾನೆಯಲ್ಲಿ ಕೆಲಸಗಾರರ ಸಿಟ್ಟು ಸ್ಫೋಟಿಸಿತು. ಸಂಬಳ ಸರಿಯಾಗಿ ಬರುತ್ತಿಲ್ಲ ಅನ್ನುವುದು ಅವರ ದೂರು. ಬಹುಪಾಲು ಗುತ್ತಿಗೆಯ ಮೇಲಿದ್ದ ಹುಡುಗರು, ನಮ್ಮ ವಯಸ್ಸಿನವರು. ಒಡೆದ ಗಾಜು ಟೀವಿಯಲ್ಲಿ ದಿನಗಟ್ಟಲೆ ಕಂಡಿತು. ಸಂಬಳ, ಕೆಲಸದ ಗಂಟೆಗಳ ವಿಚಾರದಲ್ಲಿ ಲೋಪ ಆಗಿತ್ತು ಅಂತ ಆಮೇಲೆ ತನಿಖೆಗಳು ಹೇಳಿದ್ದು ಅಷ್ಟು ಕಾಣಲಿಲ್ಲ.

ಫೋನು ಬಿಸಾಡಿ ಅಂತ ನಾವು ಹೇಳುತ್ತಿಲ್ಲ. ಇವತ್ತು ಸ್ಕಾಲರ್‌ಷಿಪ್ ಅರ್ಜಿಯಿಂದ ಫಲಿತಾಂಶದವರೆಗೆ ಎಲ್ಲ ಅದರಲ್ಲೇ. ಅದು ಶೋಕಿಯಲ್ಲ, ಅಗತ್ಯ. ಆದರೆ ಇರುವ ಫೋನು ನಡೆಯುತ್ತಿರುವಾಗ ಸ್ಕಾಲರ್‌ಷಿಪ್ ಹಣವನ್ನು ಹೊಸ ಫೋನಿನ ಕಂತಿಗೆ ಸುರಿಯುವುದು ಬೇಡ. ಊರಲ್ಲಿ ಅವ್ವ ಸಂಘದ ಸಾಲದ ಕಂತು ಕಟ್ಟುತ್ತಿರುತ್ತಾಳೆ.

ಮಾಡಬೇಕಾದ್ದೇನು? 1969ರ ಜನವರಿಯಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಮಕ್ಕಳಿಗೆ ಉಚಿತ ಬೆಳಗಿನ ತಿಂಡಿ ಶುರು ಮಾಡಿದರು. ಹಸಿದ ಮಗು ಪಾಠ ಕಲಿಯಲಾರದು ಅನ್ನುವುದು ಅವರ ವಾದ. ಪೊಲೀಸರು ಅವರನ್ನು ಬೇಟೆಯಾಡಿದರೂ ತಿಂಡಿಯ ಬೇಡಿಕೆ ಸಾಯಲಿಲ್ಲ. ಸರ್ಕಾರದ ಶಾಲಾ ತಿಂಡಿ ಯೋಜನೆ 1975ರಲ್ಲಿ ಕಾಯಂ ಆಯಿತು. ಬಂದೂಕಿನ ಫೋಟೋ ನಮಗೆಲ್ಲ ಗೊತ್ತು, ತಿಂಡಿಯ ತಟ್ಟೆ ಗೊತ್ತಿಲ್ಲ.

ನಮ್ಮಲ್ಲೂ ತಟ್ಟೆಯ ಮೇಲೆ ಎಲ್ಲರ ಕಣ್ಣು. 2021ರಲ್ಲಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡುತ್ತೇವೆ ಅಂದಾಗ ಕೆಲವು ಮಠಾಧೀಶರು ಬೀದಿಗಿಳಿಯುತ್ತೇವೆ ಅಂದರು. ಮೊಟ್ಟೆ ತಟ್ಟೆಗೆ ಬರಬಾರದು ಅಂತ ಮಠ ತಡೆಯುತ್ತದೆ. ಬಂದ ಮೊಟ್ಟೆಯನ್ನು ಬೆಲೆ ಏರಿಕೆ ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತದೆ. ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಇದೆ. ಜನವರಿ, ಜುಲೈ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಲ ಬೆಲೆ ನೋಡಿ ಏರಿಸುತ್ತಾರೆ. ಅದು ಅವರ ಹಕ್ಕು, ತಕರಾರಿಲ್ಲ. ಹಾಸ್ಟೆಲ್ ವಾರ್ಡನ್ನರ ಸಂಬಳಕ್ಕೆ ಇರುವ ತುಟ್ಟಿಭತ್ಯೆ ಹಾಸ್ಟೆಲ್ ಹುಡುಗನ ತಟ್ಟೆಗೆ ಯಾಕಿಲ್ಲ? ಬೇಳೆ, ಎಣ್ಣೆ ಬೆಲೆ ಇಬ್ಬರಿಗೂ ಒಂದೇ ಅಲ್ಲವೇ? ನಮ್ಮ ಊಟದ ಭತ್ಯೆ ಏರಬೇಕಾದರೆ ಮಾತ್ರ ಬಜೆಟ್ಟಿನ ಕೃಪೆಗೆ ಕಾಯಬೇಕು, ಏರಿಸಿದಾಗ ಉಪಕಾರ ಅಂತ ನೆನೆಯಬೇಕು.

ಅದಕ್ಕೆ ನಮ್ಮ ಬೇಡಿಕೆ ಒಂದೇ: ಹಾಸ್ಟೆಲ್ ಊಟದ ಭತ್ಯೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿ, ವರ್ಷಕ್ಕೆ ಎರಡು ಸಲ ತಾನಾಗೇ ಏರುವಂತೆ ಆದೇಶ ಹೊರಡಿಸಿ. ಪ್ರತಿ ಹಾಸ್ಟೆಲ್ಲಿನ ಗೆಳೆಯರು ಈ ತಿಂಗಳಿನಿಂದ ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆಯ ಪೇಟೆ ಬೆಲೆಯನ್ನು ಗೋಡೆ ಮೇಲೆ ಬರೆದಿಡಿ. ವಾರದಲ್ಲಿ ಎಷ್ಟು ಮೊಟ್ಟೆ ಬಂತು ಅದನ್ನೂ ಬರೆಯಿರಿ. ಕೈಯಲ್ಲಿ ಫೋನಿದೆ, ಫೋಟೋ ತೆಗೆದು ಇಡಿ. ಮೂರು ತಿಂಗಳ ಲೆಕ್ಕ ಕೂಡಿಸಿಕೊಂಡು ಜಿಲ್ಲಾಧಿಕಾರಿ ಕಚೇರಿ ಮುಂದೆ ಸೇರೋಣ. ಸಿಟ್ಟನ್ನು ಯಾರೋ ಬಂದು ವೋಟಾಗಿ ಹೊತ್ತುಕೊಂಡು ಹೋಗುವ ಮೊದಲು ನಾವೇ ಅದನ್ನು ಲೆಕ್ಕವಾಗಿ ಬರೆದಿಟ್ಟುಕೊಳ್ಳೋಣ.

ತಟ್ಟೆಗೂ ತುಟ್ಟಿಭತ್ಯೆ ಬೇಕು. ಜೈ ಭೀಮ್.