ಯಾರೋ, ಯಾರಾದರೂ, ಯಾರೂ

ಲಿಂಗಸುಗೂರು ತಾಲೂಕಿನ ಹಟ್ಟಿಯಂಥ ಚಿನ್ನದ ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುವ ಮುನ್ನ ತಿಳಿಯಬೇಕಾದ ಸಂಗತಿ ಒಂದೇ: ‘ಒಳಗೆ ಯಾರಾದರೂ ಇದ್ದಾರೆಯೇ?’ ‘ಯಾರೂ ಇಲ್ಲ’ ಎಂದರೆ ಕೆಲಸ ಸಾಗುವುದು. ‘ಯಾರೋ ಇದ್ದಾರೆ’ ಎಂದರೆ ಕೂಡಲೇ ನಿಲ್ಲಬೇಕು. ‘ಯಾರು’ ಎಂಬ ಪದಕ್ಕೆ ಹತ್ತಿದ ಪುಟ್ಟ ಬಾಲಗಳಲ್ಲಿ ಜೀವ ಮರಣಗಳ ಅಂತರವಿದೆ. 1952ರ ಗಣಿ ಕಾಯ್ದೆಯಂತೂ ಇಂಥ ಸರ್ವನಾಮಗಳನ್ನು ನಂಬಲೇ ಇಲ್ಲ. ಯಾವ ಕ್ಷಣದಲ್ಲಿ ನೋಡಿದರೂ ನೆಲದಡಿಯಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ತೋರಿಸುವ ದಾಖಲೆ ಇರಬೇಕೆಂದು ಅದು ವಿಧಿಸಿತು.

ಇಂಗ್ಲಿಷಿನಲ್ಲಿ ಈ ಮೂರೂ ಕ್ರಮವಾಗಿ ‘ಎನಿಬಡಿ’, ‘ನೋಬಡಿ’, ‘ಸಮ್‌ಬಡಿ’. (ತಪ್ಪಿ ಬರೆದರೆ ಈ ‘ಬಡಿ’ಯ ಕನ್ನಡ ಅರ್ಥವೇ ಬೆನ್ನಿನ ಅನುಭವಕ್ಕೆ ಬರುತ್ತಿದ್ದ ಕಾಲವೊಂದಿತ್ತು.) ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಮೊದಲನೆಯದರಲ್ಲಿ. ‘ಯಾರೂ ಬರಲಿಲ್ಲ’ ಎಂಬುದನ್ನು ‘ಎನಿಬಡಿ ಡಿಡ್ ನಾಟ್ ಕಮ್’ ಎಂದು ಬರೆದುಬಿಡುತ್ತಾರೆ. ಕನ್ನಡದಲ್ಲಿ ನಿಷೇಧವು ವಾಕ್ಯದ ಕೊನೆಗೆ ಬರುವುದು. ‘ಯಾರೂ’ ಮೊದಲೇ ಬಂದು ಅದಕ್ಕಾಗಿ ಕಾದು ಕುಳಿತಿರುತ್ತದೆ. ‘ಎನಿಬಡಿ’ಗೆ ಆ ತಾಳ್ಮೆಯಿಲ್ಲ. ‘ನಾಟ್’ ಮುಂದೆ ನಡೆದರೆ ಮಾತ್ರ ಅದು ಹಿಂದೆ ಬಂದೀತು: ‘ಐ ಡಿಡ್ ನಾಟ್ ಸೀ ಎನಿಬಡಿ’. ಅದನ್ನೇ ಕರ್ತೃಪದವಾಗಿ ಮೊದಲಿಗೆ ಕೂರಿಸಿದರೆ ಅರ್ಥವೇ ಬೇರೆ. ‘ಎನಿಬಡಿ ಕ್ಯಾನ್ ಕಮ್’ ಎಂದರೆ ‘ಯಾರು ಬೇಕಾದರೂ ಬರಬಹುದು’. ಬರಲಿಲ್ಲವೆನ್ನುವುದಕ್ಕೆ ‘ನೋಬಡಿ ಕೇಮ್’ ಎಂಬುದೊಂದೇ ನೇರವಾದ ದಾರಿ.

1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಉರ್ದು ಆಡಳಿತದ ಭಾಷೆಯಾಗಿತ್ತು. ಅದರ ‘ಕೋಯೀ’ ಒಂದೇ ಪದ ಎಲ್ಲಕ್ಕೂ ಒದಗುತ್ತದೆ: ‘ಕೋಯೀ ಆಯಾ’ ಎಂದರೆ ಯಾರೋ ಬಂದರು, ‘ಕೋಯೀ ನಹೀಂ ಆಯಾ’ ಎಂದರೆ ಯಾರೂ ಬರಲಿಲ್ಲ. ಅಲ್ಲಿಯೂ ನಿಷೇಧ ಹಿಂದಿನಿಂದಲೇ ಬರುವುದನ್ನು ಓದುಗರು ಗಮನಿಸಬಹುದು.

ಇನ್ನು ‘ಸಮ್‌ಬಡಿ ಹ್ಯಾವ್ ಕಮ್’ ಎಂಬ ತಪ್ಪು. ಇದರ ಮೂಲ ಅಜ್ಞಾನವಲ್ಲ, ನಮ್ಮ ಮರ್ಯಾದೆ! ಬಾಗಿಲು ತಟ್ಟಿದವರ ಗುರುತು ಹತ್ತದಿದ್ದರೂ ನಾವು ‘ಯಾರೋ ಬಂದಿದ್ದಾರೆ’ ಎಂದು ಬಹುವಚನ ಸಲ್ಲಿಸುತ್ತೇವೆ. ಇಂಗ್ಲಿಷ್ ಅಲ್ಲಿ ‘ಹ್ಯಾಸ್’ ಎಂಬ ಏಕವಚನವನ್ನೇ ಬೇಡುತ್ತದೆ. ಆದರೆ ಅದೇ ವಾಕ್ಯ ಮುಂದುವರಿದಾಗ ಆ ಭಾಷೆಗೂ ಇಕ್ಕಟ್ಟು. ಬಂದವರು ಗಂಡಸೋ ಹೆಂಗಸೋ ತಿಳಿಯದು. ಹಳೆಯ ವ್ಯಾಕರಣಕಾರರು ‘ಹಿಸ್’ ಎಂದೇ ಹಟ ಹಿಡಿದಿದ್ದರು, ಆಡುವ ಜನ ‘ದೆಯರ್’ ಎನ್ನುತ್ತಲೇ ಬಂದರು. ಇಂದು ನಿಘಂಟುಗಳೂ ಜನರ ಪಕ್ಷವನ್ನೇ ಸೇರಿವೆ. ‘ಯಾರೋ ತಮ್ಮ ದೀಪವನ್ನು ಮರೆತು ಹೋಗಿದ್ದಾರೆ’ ಎನ್ನುವ ಕನ್ನಡಿಗರಿಗೆ ಈ ಜಗಳದ ಕಾರಣವೇ ಬೇಗ ಅರ್ಥವಾಗಲಾರದು.