ಒಂದು ಶಾಫ್ಟ್, ಹಲವು ಕ್ಯಾಬಿನ್: ಹೊಣೆ ಯಾರದು?

ಸೇವೆಗೆ ಸೇರಿದ ಹೊಸತರಲ್ಲಿ ನಾನು ಕೆಲಸ ಮಾಡುತ್ತಿದ್ದ ಸರ್ಕಾರಿ ಕಟ್ಟಡವೊಂದರಲ್ಲಿ ಅಕ್ಕಪಕ್ಕದಲ್ಲಿ ಎರಡು ಲಿಫ್ಟುಗಳಿದ್ದವು. ಎರಡಕ್ಕೂ ಬೇರೆ ಬೇರೆ ಗುಂಡಿ. ಒಂದರ ಚಲನವಲನ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅವಸರದಲ್ಲಿದ್ದವರು ಎರಡೂ ಗುಂಡಿ ಒತ್ತುತ್ತಿದ್ದರು, ಎರಡೂ ಲಿಫ್ಟುಗಳು ಒಬ್ಬರಿಗಾಗಿಯೇ ಬಂದು ನಿಲ್ಲುತ್ತಿದ್ದವು. (ಅವಸರವಿಲ್ಲದವರೂ ಹಾಗೆಯೇ ಮಾಡುತ್ತಿದ್ದರೆನ್ನಿ.) ಈ ಪೋಲನ್ನು ತಪ್ಪಿಸಿದವರು ಇಬ್ಬರು ಲಿಫ್ಟ್‌ಮನ್‌ಗಳು. ‘ನಾಲ್ಕನೇದು ನಾ ನೋಡ್ಕೋತೀನಿ, ನೀ ಕೆಳಗೆ ನಡಿ’ ಎಂದು ಜಾಲರಿ ಬಾಗಿಲಿನ ಸಂದಿಯಿಂದ ಪರಸ್ಪರ ಕೂಗಿ ಹೇಳುತ್ತಿದ್ದರು. ಮೇಲಿನಿಂದ ಆದೇಶ ಕೊಡುವವರು ಯಾರೂ ಇರಲಿಲ್ಲ. ಇಂದಿನ ಎಂಜಿನಿಯರುಗಳು ವಿಕೇಂದ್ರೀಕೃತ ನಿಯಂತ್ರಣ, ನಿಸ್ತಂತು ಸಂಪರ್ಕ ಎಂದು ಕರೆಯುವುದರ ತಿರುಳು ಇದೇ.

ಆ ಮಾತು ಈಗ ನೆನಪಾಗಲು ಕಾರಣವಿದೆ. ಕಟ್ಟಡ ಎತ್ತರವಾದಷ್ಟೂ ಲಿಫ್ಟುಗಳ ಸಂಖ್ಯೆ ಹೆಚ್ಚಬೇಕು. ಒಂದು ಶಾಫ್ಟಿಗೆ ಒಂದೇ ಕ್ಯಾಬಿನ್ ಎಂಬ ಹಳೆಯ ಪದ್ಧತಿಯಲ್ಲಿ ಪ್ರತಿ ಶಾಫ್ಟೂ ಪ್ರತಿ ಮಹಡಿಯಲ್ಲಿ ಬಾಡಿಗೆ ತರಬಲ್ಲ ಜಾಗವನ್ನು ನುಂಗುತ್ತದೆ. ಇದಕ್ಕೆ ಪರಿಹಾರವಾಗಿ ಜರ್ಮನಿಯ ಥೈಸೆನ್‌ಕ್ರುಪ್ ಕಂಪನಿಯು ಈ ಶತಮಾನದ ಆರಂಭದಲ್ಲಿ ಒಂದೇ ಶಾಫ್ಟಿನಲ್ಲಿ ಎರಡು ಕ್ಯಾಬಿನ್‌ಗಳು ಸ್ವತಂತ್ರವಾಗಿ ಓಡಾಡುವ ‘ಟ್ವಿನ್’ ವ್ಯವಸ್ಥೆಯನ್ನು ಹೊರತಂದಿತು. 2017ರಲ್ಲಿ ರಾಟ್‌ವೈಲ್ ಪಟ್ಟಣದ 246 ಮೀಟರ್ ಎತ್ತರದ ಪರೀಕ್ಷಾ ಗೋಪುರದಲ್ಲಿ ಹಗ್ಗವೇ ಇಲ್ಲದ, ಲೀನಿಯರ್ ಮೋಟಾರಿನಿಂದ ಮೇಲೆ ಕೆಳಗೆ ಮಾತ್ರವಲ್ಲದೆ ಅಡ್ಡಡ್ಡಲಾಗಿಯೂ ಚಲಿಸುವ ‘ಮಲ್ಟಿ’ಯನ್ನು ಪ್ರದರ್ಶಿಸಿತು.

ಸಾಮಾನ್ಯ ಲಿಫ್ಟಿನ ಕ್ಯಾಬಿನ್ನಿನ ಕೆಳಗೆ ಕೇಬಲ್ಲೊಂದು ಜೋತಾಡುತ್ತಿರುತ್ತದೆ. ವಿದ್ಯುತ್ತು, ಸಂದೇಶ ಎರಡೂ ಅದರ ಮೂಲಕವೇ ಹೋಗಬೇಕು. ಹಲವು ಕ್ಯಾಬಿನ್‌ಗಳು ಒಂದರ ಹಿಂದೊಂದು ಸುತ್ತು ಹಾಕುವಲ್ಲಿ, ಶಾಫ್ಟಿನಿಂದ ಶಾಫ್ಟಿಗೆ ಹೊರಳುವಲ್ಲಿ ಅಂಥ ಕೇಬಲ್ ಕಟ್ಟುವುದು ಸಾಧ್ಯವಿಲ್ಲ. ಆದ್ದರಿಂದ ರೇಡಿಯೊ ಸಂಪರ್ಕ ಅನಿವಾರ್ಯ. ಜೊತೆಗೆ, ಎಲ್ಲ ಕ್ಯಾಬಿನ್‌ಗಳ ನಿರ್ಧಾರವನ್ನೂ ಒಂದೇ ಕಂಪ್ಯೂಟರಿಗೆ ವಹಿಸಿದರೆ ಅದು ಕೆಟ್ಟಾಗ ಕಟ್ಟಡವೇ ಸ್ತಬ್ಧವಾಗುತ್ತದೆ. ಅದಕ್ಕೆ ಪರ್ಯಾಯವೆಂದರೆ ಕ್ಯಾಬಿನ್‌ಗಳೇ ಹರಾಜು ಕೂಗುವ ಕ್ರಮ: ಹನ್ನೆರಡನೆಯ ಮಹಡಿಯಿಂದ ಕರೆ ಬಂದರೆ ಪ್ರತಿ ಕ್ಯಾಬಿನ್ ತನಗೆ ತಗಲುವ ಸಮಯವನ್ನು ಲೆಕ್ಕಹಾಕಿ ಸಾರುತ್ತದೆ, ಕಡಿಮೆ ಕೂಗಿದ್ದಕ್ಕೆ ಕೆಲಸ ಸಲ್ಲುತ್ತದೆ.

ಅರ್ಥಶಾಸ್ತ್ರ ಓದಿದ ನನಗೆ ಇದು ಪರಿಚಿತ ದಾರಿ. ಸಮಾಜದಲ್ಲಿ ಚದುರಿಹೋಗಿರುವ ತಿಳಿವಳಿಕೆಯನ್ನು ಯಾವ ಯೋಜನಾ ಮಂಡಳಿಯೂ ಒಂದೆಡೆ ಕಲೆಹಾಕಲಾರದು, ಬೆಲೆಗಳು ಆ ಕೆಲಸ ಮಾಡುತ್ತವೆ ಎಂದು ಹಯೆಕ್ 1945ರಲ್ಲಿಯೇ ವಾದಿಸಿದ್ದರು. ಆದರೆ ಅದಕ್ಕೂ ಮೊದಲು, 1920ರಲ್ಲಿ, ಪಿಗೂ ಎತ್ತಿದ್ದ ತಕರಾರೊಂದಿದೆ: ಒಬ್ಬನ ನಡೆಯಿಂದ ಇತರರಿಗೆ ತಗಲುವ ವೆಚ್ಚ ಅವನ ಲೆಕ್ಕದಲ್ಲಿ ಸೇರಿರುವುದಿಲ್ಲ. ಒಂದೇ ಶಾಫ್ಟಿನಲ್ಲಿ ಈ ತಕರಾರು ಕಣ್ಣಿಗೆ ಕಟ್ಟುತ್ತದೆ. ಕ್ಯಾಬಿನ್ನೊಂದು ತನ್ನ ಪ್ರಯಾಣಿಕರಿಗಾಗಿ ಬಾಗಿಲು ತೆರೆದು ನಿಂತರೆ ಹಿಂದಿರುವವೆಲ್ಲ ಕಾಯಬೇಕು. ಆ ಕಾಯುವಿಕೆಯೂ ಅದರ ಕೂಗಿನಲ್ಲಿ ಸೇರಬೇಕು. ಇಷ್ಟು ಮಾಡಿದರೆ ಹರಾಜು ಚೆನ್ನಾಗಿಯೇ ನಡೆದೀತು. ತಪ್ಪಿದರೂ ಯಾರೋ ಒಬ್ಬರು ಅರ್ಧ ನಿಮಿಷ ಹೆಚ್ಚು ಕಾಯುತ್ತಾರೆ, ಅಷ್ಟೇ.

ಡಿಕ್ಕಿಯ ವಿಚಾರ ಹಾಗಲ್ಲ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿರುವ ಕ್ಯಾಬಿನ್, ಒಳಗಿನವರಿಗೆ ತ್ರಾಸವಾಗದ ಹಾಗೆ ಪ್ರತಿ ಸೆಕೆಂಡಿಗೆ 1 ಮೀಟರ್‌ನಂತೆ ವೇಗ ತಗ್ಗಿಸುತ್ತ ಬಂದರೆ ನಿಲ್ಲಲು 12.5 ಮೀಟರ್ ಬೇಕು, ಅಂದರೆ ಸುಮಾರು ನಾಲ್ಕು ಮಹಡಿ. ಎರಡು ಎದುರುಬದುರಾಗಿ ಬರುತ್ತಿದ್ದರೆ 25 ಮೀಟರ್. ಸಂದೇಶ ಅರ್ಧ ಸೆಕೆಂಡು ತಡವಾದರೆ ಪ್ರತಿ ಕ್ಯಾಬಿನ್ ಇನ್ನೂ ಎರಡೂವರೆ ಮೀಟರ್ ಮುಂದೆ ಬಂದಿರುತ್ತದೆ. ಕಾಂಕ್ರೀಟು, ಉಕ್ಕಿನ ಶಾಫ್ಟಿನಲ್ಲಿ ರೇಡಿಯೊ ತರಂಗಗಳು ಗೋಡೆಗೆ ಬಡಿದು ಚದುರುತ್ತವೆ. ಸಂದೇಶ ತಡವಾಗುವುದು, ಕಳೆದುಹೋಗುವುದು ಅಪರೂಪವಲ್ಲ. ಆದಕಾರಣ ಇಲ್ಲಿ ಮೌನಕ್ಕೆ ಒಂದೇ ಅರ್ಥವಿರಬೇಕು: ನಿಲ್ಲು. ನೆರೆಯ ಕ್ಯಾಬಿನ್ನಿನಿಂದ ನಿಗದಿತ ಅವಧಿಯೊಳಗೆ ಸುದ್ದಿ ಬಾರದಿದ್ದರೆ, ಯಾರ ಅಪ್ಪಣೆಗೂ ಕಾಯದೆ, ತನ್ನದೇ ಬ್ರೇಕಿನಿಂದ ಕ್ಯಾಬಿನ್ ನಿಲ್ಲಬೇಕು. 2025ರ ಆಗಸ್ಟಿನಲ್ಲಿ ಆರಂಭವಾದ ನಮ್ಮ ಮೆಟ್ರೋದ ಹಳದಿ ಮಾರ್ಗವೂ ಸಂವಹನ ಆಧಾರಿತ ನಿಯಂತ್ರಣದಿಂದಲೇ ನಡೆಯುತ್ತಿದೆ. ಅಂಥ ರೈಲುಗಳಲ್ಲಿ ಸಂಪರ್ಕ ಕಡಿದರೆ ಗಾಡಿ ನಿಲ್ಲುತ್ತದೆ, ಪ್ರಯಾಣಿಕರು ಗೊಣಗುತ್ತಾರೆ. ಗೊಣಗಲಿ.

ನನ್ನ ಆತಂಕ ಕಾನೂನಿನದು. ನಮ್ಮ ರಾಜ್ಯದಲ್ಲಿ ಲಿಫ್ಟುಗಳಿಗೆ 2012ರ ಕಾಯ್ದೆ ಇದೆ. ಅನುಮತಿ, ಪರವಾನಗಿ, ತಪಾಸಣೆಗಳ ಕ್ರಮವಿದೆ. ಈ ಕ್ರಮದ ಹಿಂದಿರುವ ಕಲ್ಪನೆ ಒಂದು ಶಾಫ್ಟು, ಒಂದು ಕ್ಯಾಬಿನ್, ಒಬ್ಬ ಮಾಲೀಕ ಎಂಬುದು. ನಾಳೆ ಬೆಂಗಳೂರಿನ ಗೋಪುರವೊಂದರಲ್ಲಿ ಎರಡು ಕ್ಯಾಬಿನ್‌ಗಳು ಒಪ್ಪಂದಕ್ಕೆ ಬಾರದೆ ಡಿಕ್ಕಿಯಾದರೆ ಹೊಣೆ ಯಾರದು? ತಯಾರಿಸಿದ ಕಂಪನಿಯದೇ, ತಂತ್ರಾಂಶ ಬದಲಿಸಿದ ನಿರ್ವಹಣಾ ಗುತ್ತಿಗೆದಾರನದೇ, ಏನೂ ಅರಿಯದ ನಿವಾಸಿಗಳ ಸಂಘದ್ದೇ? ವಿಕೇಂದ್ರೀಕರಣವೆಂದರೆ ಅಧಿಕಾರ ಹಂಚಿ ಹೊಣೆಯನ್ನು ಗಾಳಿಗೆ ತೂರುವುದು ಎಂದು ತಿಳಿದಿದ್ದ ಮಹನೀಯರನ್ನು ಸೇವಾವಧಿಯಲ್ಲಿ ಸಾಕಷ್ಟು ಕಂಡಿದ್ದೇನೆ. ಅಪಘಾತವಾದ ಮೇಲೆ ತನಿಖಾ ಸಮಿತಿ ರಚಿಸುವುದರಲ್ಲಿ ನಾವು ನಿಪುಣರು. ನಾನೂ ಒಂದೆರಡರಲ್ಲಿ ಕುಳಿತಿದ್ದೇನೆ.

ಹೀಗಾಗಿ ಇಂಥ ಲಿಫ್ಟು ಬರುವ ಮುನ್ನವೇ ನಿಯಮಗಳಿಗೆ ತಿದ್ದುಪಡಿಯಾಗಲಿ. ಪರವಾನಗಿಯಲ್ಲಿ ಇಡೀ ವ್ಯವಸ್ಥೆಗೆ ಹೊಣೆಗಾರರಾದ ಒಬ್ಬರ ಹೆಸರಿರಲಿ. ತಂತ್ರಾಂಶ ಬದಲಾದಾಗಲೆಲ್ಲ ಮರುತಪಾಸಣೆ ನಡೆಯಲಿ. ತಪಾಸಣೆಯ ದಿನ ಇನ್‌ಸ್ಪೆಕ್ಟರರು ಚಲಿಸುತ್ತಿರುವ ಖಾಲಿ ಕ್ಯಾಬಿನ್‌ಗಳ ರೇಡಿಯೊ ಸಂಪರ್ಕವನ್ನು ತಾವೇ ಕಡಿದು, ಎಷ್ಟು ಅಂತರದಲ್ಲಿ ನಿಂತವೆಂದು ಅಳೆದು, ಆ ಅಂಕಿಯನ್ನು ದಿನಾಂಕ ಸಹಿತ ಪ್ರತಿ ಕ್ಯಾಬಿನ್ನಿನ ಒಳಗೆ ಹತ್ತುವವರಿಗೆ ಕಾಣುವಂತೆ ತೂಗುಹಾಕಿಸಲಿ.