ಈಸಲು ಹುಳಕ್ಕೆ ವಿಷ ಬೇಡ, ದೀಪ ಆರಿಸಿ

ಸಹಪಾಠಿಗಳೇ, ಈ ಸಲ ರೋಹಿಣಿ ಮಳೆ ಚೆನ್ನಾಗಿ ಬಂತು. ಮಾರನೇ ದಿನ ಸಂಜೆ ಎಲ್ಲರ ಮನೆಗೂ ಈಸಲು ಹುಳ ನುಗ್ಗಿದವು. ಕೆಲವರು ಇದನ್ನು ಮಳೆಹುಳ ಅಂತಾರೆ. ನಮ್ಮ ಮನೇಲಿ ಬಲ್ಬಿಗೆ ಮುತ್ತಿಕೊಂಡು ಸಾರಿನ ಪಾತ್ರೆಗೂ, ತಮ್ಮನ ಮುದ್ದೆ ಮೇಲೂ ಬಿದ್ದವು.

ಆಗ ನಮ್ಮ ಚಿಕ್ಕಪ್ಪ ಟೊಮೆಟೊ ಗಿಡಕ್ಕೆ ಹೊಡೆದು ಉಳಿದಿದ್ದ ಔಷಧಿ ತಂದು ನಡುಮನೆಯಲ್ಲೇ ಹೊಡೆದರು. ಹುಳ ಪಟಪಟ ಉದುರಿದವು. ನಮಗೆಲ್ಲಾ ಖುಷಿಯಾಯಿತು. ಆದರೆ ರಾತ್ರಿ ತಮ್ಮನಿಗೆ ವಾಂತಿ ಶುರುವಾಯಿತು. ಅಪ್ಪ ಅಮ್ಮ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಎರಡು ದಿನ ಅಲ್ಲೇ ಇಟ್ಟುಕೊಂಡಿದ್ದರು. ಈಗ ಹುಷಾರಾಗಿದ್ದಾನೆ. ಬೆಳಿಗ್ಗೆ ಅಜ್ಜಿ ಗುಡಿಸಿ ತಿಪ್ಪೆಗೆ ಹಾಕಿದ ಹುಳ ತಿಂದು ಎರಡು ಕೋಳಿ ಸತ್ತವು. ಚಿಕ್ಕಪ್ಪನನ್ನು ದೂರಲು ಇದನ್ನು ಬರೆಯುತ್ತಿಲ್ಲ. "ಬರಿಯವ್ವ, ಬೇರೆಯೋರಾದ್ರೂ ಹಿಂಗೆ ಮಾಡದೆ ಇರ್ಲಿ" ಅಂತ ಅವರೇ ಹೇಳಿದರು.

ಈಸಲು ಅಂದರೆ ರೆಕ್ಕೆ ಬಂದ ಗೆದ್ದಲು. ಮಳೆಯಿಂದ ನೆಲ ಮೆತ್ತಗಾದ ಮೇಲೆ ಹೊಸ ಗೂಡು ಮಾಡಲು ಹುತ್ತದಿಂದ ಹಾರಿ ಬರುತ್ತವೆ. ಇವು ಕಚ್ಚುವುದಿಲ್ಲ. ಸ್ವಲ್ಪ ಹೊತ್ತಿಗೆ ರೆಕ್ಕೆ ಉದುರಿಸಿ ಮಣ್ಣು ಹುಡುಕುತ್ತವೆ. ಗಾರೆ ನೆಲದ ಮನೆಯಲ್ಲಿ ಸಿಕ್ಕಿಕೊಂಡವು ಮಣ್ಣು ಸಿಗದೆ ತಾವಾಗಿಯೇ ಸಾಯುತ್ತವೆ.

ರೆಕ್ಕೆ ಇರುವ ಇರುವೆಗಳೂ ಮಳೆಗಾಲದಲ್ಲಿ ಬರುತ್ತವೆ. ಇರುವೆಯ ನಡು ಸಣ್ಣ, ಮೀಸೆ ಮೊಣಕೈ ತರಹ ಬಾಗಿರುತ್ತದೆ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಈಸಲಿನ ಮೈ ಒಂದೇ ದಪ್ಪ, ಮೀಸೆ ನೆಟ್ಟಗೆ, ನಾಲ್ಕು ರೆಕ್ಕೆಯೂ ಒಂದೇ ಉದ್ದ. ನೋಡಿ ಗುರುತಿಸಿ.

ಹುಳ ಬಂದರೆ ಹೀಗೆ ಮಾಡಿ. ಮನೆಯೊಳಗಿನ ದೀಪ ಆರಿಸಿ, ಬಾಗಿಲು ಕಿಟಕಿ ಮುಚ್ಚಿ. ಅಂಗಳದಲ್ಲಿ ಒಂದು ಬಲ್ಬು ಹಾಕಿ, ಅದರ ಕೆಳಗೆ ಅಗಲವಾದ ಪಾತ್ರೆಯಲ್ಲಿ ನೀರಿಡಿ. ಹುಳ ಅಲ್ಲಿಗೆ ಹೋಗಿ ಬೀಳುತ್ತವೆ. ಬೆಳಿಗ್ಗೆ ಕೋಳಿಗೆ ಹಾಕಬಹುದು. ಅಡುಗೆ ಪಾತ್ರೆಗೆ ತಟ್ಟೆ ಮುಚ್ಚಿ.

"ದೀಪ ಆರಿಸಿದರೆ ಓದೋದು ಹ್ಯಾಗೆ?" ಅಂತ ನನ್ನ ಗೆಳತಿ ಕೇಳಿದಳು. ಸ್ವಲ್ಪ ಹೊತ್ತು ಓದದಿದ್ದರೆ ಏನೂ ಆಗುವುದಿಲ್ಲ, ಆಮೇಲೆ ಓದಬಹುದು. "ಸಾಯಿಸಿದ್ರೆ ಗೆದ್ದಲು ಕಮ್ಮಿ ಆಗುತ್ತಲ್ವಾ?" ಅಂತ ಇನ್ನೊಬ್ಬ ಕೇಳಿದ. ಇಲ್ಲ. ಹಾರಿ ಬಂದವು ಸತ್ತರೂ ರಾಣಿ ಹುತ್ತದ ಒಳಗೇ ಇರುತ್ತದೆ.

ಆದರೆ ಹುಳ ಹೊರಗಿನಿಂದ ಬಾರದೆ ನಿಮ್ಮ ಮನೆಯ ಗೋಡೆಯಿಂದಲೋ ಬಾಗಿಲ ಚೌಕಟ್ಟಿನಿಂದಲೋ ಹೊರಟರೆ ಸುಮ್ಮನಿರಬೇಡಿ. ಮನೆಯಲ್ಲೇ ಗೆದ್ದಲು ಇದೆ ಅಂತ ಅರ್ಥ. ಗೋಡೆ, ತೊಲೆ ಮೇಲೆ ಮಣ್ಣಿನ ಗೆರೆ ಇದೆಯಾ ನೋಡಿ, ತಿಳಿದವರನ್ನು ಕರೆಸಿ.

ಹೊಲದಲ್ಲಿ ಗಾಳಿ ಆಡುತ್ತದೆ. ಅಲ್ಲೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಔಷಧಿ ಹೊಡೀತಾರೆ. ಅದನ್ನೇ ಬಾಗಿಲು ಹಾಕಿದ ಮನೆಯಲ್ಲಿ, ಮಕ್ಕಳು ಉಣ್ಣುವ ಜಾಗದಲ್ಲಿ ಹೊಡೆಯುವುದು ಸರಿಯೇ? ಹುಳದ ಕಾಟ ಒಂದು ರಾತ್ರಿ. ವಿಷ ಗೋಡೆಗೆ, ಪಾತ್ರೆಗೆ ಅಂಟಿ ಎಷ್ಟೋ ದಿನ ಇರುತ್ತದೆ.

ಮೃಗಶಿರಾ ಮಳೆ ಬಂದರೆ ಮತ್ತೆ ಈಸಲು ಏಳಬಹುದು. ಇದನ್ನು ಓದಿದವರು ಇವತ್ತೇ ಮನೆಯಲ್ಲಿ ಹೇಳಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

– 7ನೇ ತರಗತಿ ವಿದ್ಯಾರ್ಥಿನಿ